ಉದ್ಯೋಗ ತರಬೇತುದಾರರಿಗೆ ಮಾರ್ಗದರ್ಶನ: ನನ್ನ ಅನುಭವ

ಬಳ್ಳಾರಿಯಲ್ಲಿ ವಿಶೇಷ ಶಿಕ್ಷಕಿಯಾಗಿ ಹಲವು ವರ್ಷ ದುಡಿದ ಮೇಲೆ, ಬೌದ್ಧಿಕ ವಿಕಲತೆ ಇರುವ ಯುವಜನರನ್ನು ಕೆಲಸಕ್ಕೆ ಸೇರಿಸಿ ಅಲ್ಲಿಯೇ ಕೆಲಸ ಕಲಿಸುವ ಉದ್ಯೋಗ ತರಬೇತುದಾರರಿಗೆ ಮಾರ್ಗದರ್ಶನ ಮಾಡುವ ಹೊಣೆ ನನಗೆ ಬಂತು. ಮೊದಲ ವರ್ಷ ನಾನು ಅದನ್ನು ಸರಿಯಾಗಿ ನಿರ್ವಹಿಸಲಿಲ್ಲ. ತಿಂಗಳಿಗೊಮ್ಮೆ ಅವರನ್ನು ಕಚೇರಿಗೆ ಕರೆಸಿ, ಹೇಳಿಕೊಂಡ ಪ್ರತಿ ತೊಂದರೆಗೂ ಕುಳಿತಲ್ಲೇ ಪರಿಹಾರ ಹೇಳಿ ಕಳುಹಿಸುತ್ತಿದ್ದೆ. ಮುಂದಿನ ತಿಂಗಳು ಅದೇ ತೊಂದರೆ ತಿರುಗಿ ಬರುತ್ತಿತ್ತು.

ಎರಡನೆಯ ವರ್ಷ ನಗರದ ಒಂದು ಜೀನ್ಸ್ ಘಟಕಕ್ಕೆ ನಾನೇ ಹೋದೆ. ಹೊಲಿದ ಪ್ಯಾಂಟಿನಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುವ ಕೆಲಸಕ್ಕೆ ಯುವಕನೊಬ್ಬ ಅಲ್ಲಿ ಸೇರಿದ್ದ. ಅವನು ಅರ್ಧಕ್ಕೇ ಕೈ ನಿಲ್ಲಿಸುತ್ತಾನೆ, ಕೆಲಸದ ಮೇಲೆ ಮನಸ್ಸಿಲ್ಲ ಎಂದು ಅವನಿಗೆ ಕಲಿಸುತ್ತಿದ್ದ ಕಿರಿಯ ತರಬೇತುದಾರ ಮಹಿಳೆ ವರದಿ ಬರೆದಿದ್ದರು. ಒಂದು ಗಂಟೆ ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿದೆ. ಹುಡುಗ ಸೊಂಟಪಟ್ಟಿ ಮುಗಿಸಿ ತಲೆ ಎತ್ತಿ ಆಕೆಯ ಮುಖ ನೋಡುತ್ತಿದ್ದ. ಆಕೆ "ಜೇಬು ನೋಡಪ್ಪ" ಎಂದ ಮೇಲೆಯೇ ಪುಟ್ಟ ಕತ್ತರಿ ಜೇಬಿನತ್ತ ಸರಿಯುತ್ತಿತ್ತು. ಜೇಬು ಮುಗಿದರೆ ಮತ್ತೆ ಮುಖ, ಮತ್ತೆ ಮಾತು. ದಾರ ಕತ್ತರಿಸುವುದರ ಜೊತೆಗೆ ಆಕೆಯ ಮಾತಿಗೆ ಕಾಯುವುದನ್ನೂ ಅವನು ಕಲಿತುಬಿಟ್ಟಿದ್ದ.

ಅಮೆರಿಕದ ಮಾರ್ಕ್ ಗೋಲ್ಡ್ 1970ರ ದಶಕದಲ್ಲಿ, ತೀವ್ರ ಬೌದ್ಧಿಕ ವಿಕಲತೆ ಇದ್ದವರಿಗೂ ಸೈಕಲ್ ಬ್ರೇಕ್ ಜೋಡಿಸುವುದನ್ನು ಹಂತ ಹಂತವಾಗಿ ಕಲಿಸಿ ತೋರಿಸಿದ್ದರು. ಕಲಿಯುವವನಿಗೆ ಬಾರದಿದ್ದರೆ ಕಲಿಸುವ ರೀತಿಯನ್ನು ಬದಲಿಸಬೇಕೆಂಬುದು ಅವರ ನಿಲುವು. ಇದನ್ನು ತರಬೇತಿಗಳಲ್ಲಿ ನಾನೇ ಪಾಠ ಮಾಡಿದ್ದೆ. ಆದರೆ ಆ ಹುಡುಗನಿಗೆ ಆಕೆ ಏನು ಮಾಡುತ್ತಿದ್ದರೋ, ತರಬೇತುದಾರರಿಗೆ ನಾನೂ ಅದನ್ನೇ ಮಾಡುತ್ತಿದ್ದೇನೆಂಬುದು ಅಂದು ಹೊಳೆಯಿತು.

ಆದ್ದರಿಂದ ನಾನು ಕಂಡದ್ದನ್ನು ಆಕೆಗೆ ಹೇಳಲಿಲ್ಲ. ಒಂದೊಂದು ಪ್ಯಾಂಟಿಗೂ ನೀವು ಎಷ್ಟು ಸಲ ಮಾತನಾಡುತ್ತೀರೆಂದು ಗೆರೆ ಎಳೆದು ಲೆಕ್ಕವಿಡಿ ಎಂದಷ್ಟೇ ಕೇಳಿಕೊಂಡೆ. ಸಂಜೆ ಆಕೆಯೇ ಪುಸ್ತಕ ಮುಂದಿಟ್ಟು, "ಮೇಡಂ, ಅವನಿಗಿಂತ ಹೆಚ್ಚು ಕೆಲಸ ನನ್ನ ಬಾಯೇ ಮಾಡಿದೆ" ಎಂದರು. ಮುಂದಿನ ಯೋಜನೆಯೂ ಆಕೆಯದೇ ಆಯಿತು: ಮಾತಿನ ಬದಲು ಬೆರಳು, ಬೆರಳಿನ ಬದಲು ಮೇಜಿಗೆ ಅಂಟಿಸಿದ ಚಿತ್ರಗಳ ಸಾಲು, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವುದು. ಕೊನೆಗೆ ಅವನು ತಲೆ ಎತ್ತಿದಾಗ ಚಿತ್ರ ತೋರಿಸುವ ಕೆಲಸವನ್ನು ಪಕ್ಕದ ಹೊಲಿಗೆ ಯಂತ್ರದ ಅಕ್ಕ ವಹಿಸಿಕೊಂಡರು.

ಕೂಲಿಯ ಮಾತು ಇದಕ್ಕಿಂತ ಕಠಿಣ. ಮಾಲೀಕರು ಅರ್ಧ ಕೂಲಿ ಎಂದಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ. 4ರ ಮೀಸಲಾತಿ ನೀಡಿ, ಅದರಲ್ಲಿ ಶೇ. 1ನ್ನು ಬೌದ್ಧಿಕ ವಿಕಲತೆಯೂ ಸೇರಿದ ಗುಂಪಿಗೆ ಇಟ್ಟಿದೆಯಾದರೂ, ನಮ್ಮ ಮಕ್ಕಳಲ್ಲಿ ಹೆಚ್ಚಿನವರ ದುಡಿಮೆ ಇಂಥ ಘಟಕಗಳಲ್ಲೇ. ಮಾಲೀಕರ ಪಾತ್ರವನ್ನು ನಾನು ವಹಿಸಿ ಆ ಮಾತುಕತೆಯನ್ನು ಮೂರು ಸಲ ಅಭ್ಯಾಸ ಮಾಡಿಸಿದೆ. ಘಟಕದಲ್ಲಿ ಆಕೆಯೇ ಮಾತನಾಡಿ, ಎಲ್ಲರಿಗೂ ಇರುವ ಪ್ಯಾಂಟಿನ ಲೆಕ್ಕದ ದರವನ್ನೇ ಅವನಿಗೂ ಒಪ್ಪಿಸಿದರು.

ಮಗ ದುಡಿದರೆ ಮಾಸಾಶನ ನಿಲ್ಲುತ್ತದೆಯೇ ಎಂದು ತಾಯಂದಿರು ಕೇಳುತ್ತಾರೆ. ಒಮ್ಮೆ ನಮ್ಮವರೊಬ್ಬರು ಊಹೆಯಿಂದ ಉತ್ತರಿಸಿ ಒಂದು ಕುಟುಂಬದ ನಂಬಿಕೆ ಕಳೆದುಕೊಂಡರು. ಈಗ ತರಬೇತುದಾರರು "ವಿಚಾರಿಸಿ ಹೇಳುತ್ತೇನೆ ಅಮ್ಮ" ಎಂದು, ಆ ತಾಯಿಯೊಂದಿಗೇ ನಾಡಕಚೇರಿಗೆ ಹೋಗುತ್ತಾರೆ.