ಮೂರು ಹಾಳೆಯ ಕೇಸ್: ಫಾರ್ಮಕಾಲಜಿ ಓದಿದ ನನ್ನ ಅನುಭವ

ಫಾರ್ಮಸಿ ಓದಿನ ಆರನೆಯ ಸೆಮಿಸ್ಟರಿನ ಫಾರ್ಮಕಾಲಜಿಯಲ್ಲಿ, ಅಂದರೆ ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆಂಬ ವಿಷಯದಲ್ಲಿ, ನಮ್ಮ ಗುಂಪಿನ ಏಳೂ ಜನ ಪಾಸಾದೆವು. ಅವರಲ್ಲಿ ಮೂವರು ನಾಲ್ಕನೆಯ ಸೆಮಿಸ್ಟರಿನ ಫಾರ್ಮಕಾಲಜಿಯನ್ನೂ ಬಾಕಿ ಉಳಿಸಿಕೊಂಡಿದ್ದವರು, ಅದನ್ನೂ ಮುಗಿಸಿದರು. ನಾವು ಓದಿದ್ದು ಕೇಸ್ ಹಿಡಿದು, ಅಂದರೆ ಒಬ್ಬ ರೋಗಿಯ ಕಥೆಯನ್ನು ಗುಂಪಾಗಿ ಬಿಡಿಸುತ್ತ. “ಕೇಸ್ ಹಿಡಿದು ಕುಳಿತರೆ ಪಾಠ ಮುಗಿಯುವುದಿಲ್ಲ. 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು ಕಾರವಾರದಲ್ಲಿ ನಡೆಯದು” ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಆರು ವಾರ ವ್ಯರ್ಥವಾಯಿತು. ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ ವಾರಕ್ಕೆ ಎರಡು ಸಂಜೆ ಕೂಡುತ್ತಿದ್ದೆವು. ವಿದೇಶಿ ಕೇಸ್‌ಗಳನ್ನು ತಲೆಗೊಂದು ಪ್ರತಿಯಂತೆ ಪ್ರಿಂಟ್ ತೆಗೆಸಿ ಎಂಟುನೂರು ರೂಪಾಯಿಯಷ್ಟು ಕಳೆದೆವು. ಆ ರೋಗಿಗಳ ಊಟ, ಕೆಲಸ ಯಾವುದೂ ನಮಗೆ ಗೊತ್ತಿರಲಿಲ್ಲ. ಇನ್ನೂ ದೊಡ್ಡ ತಪ್ಪೆಂದರೆ ಓದುವುದನ್ನು ಹಂಚಿಕೊಂಡದ್ದು. ಒಬ್ಬರು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಗುಂಪನ್ನು ಓದಿ ಬಂದು ಹೇಳುವುದು, ಆರು ಜನ ಬರೆದುಕೊಳ್ಳುವುದು. ಮೊದಲ ಸೆಷನಲ್‌ನಲ್ಲಿ (ಕಾಲೇಜಿನ ಒಳಗಿನ ಪರೀಕ್ಷೆ) ನನಗೆ ಬಂದದ್ದು ಮೂವತ್ತಕ್ಕೆ ಹನ್ನೊಂದು. ಇಬ್ಬರು ಗುಂಪು ಬಿಡುವ ಮಾತೆತ್ತಿದರು.

ಆಗ ನಾನೇ ಕೇಸ್ ಬರೆಯತೊಡಗಿದೆ, ಒಂದೊಂದಾಗಿ ತೆರೆಯುವ ಮೂರು ಹಾಳೆಗಳಲ್ಲಿ. ರೋಗಿ ಬೈತಖೋಲ ಬಂದರಿನ ಮೀನುಗಾರ, ನಲವತ್ತೆರಡು ವರ್ಷ. ಮೊದಲ ಹಾಳೆಯಲ್ಲಿ ಇದ್ದದ್ದು ಇಷ್ಟೇ: ಆಗಸ್ಟ್ ತಿಂಗಳು, ಮೀನುಗಾರಿಕೆಯ ನಿಷೇಧ ಮುಗಿದಿದೆ, ಕಾಲಿನಲ್ಲಿ ಗಾಯ, ಬೆಳಗಿನ ಜಾವ ಎದೆಯ ನಡುವೆ ಉರಿ, ನೋವು. ಒಂದು ಗಂಟೆ ಎಲ್ಲರೂ ಹೃದಯದ ಹಿಂದೆಯೇ ಓಡಿದರು. ಎರಡನೆಯ ಹಾಳೆಯಲ್ಲಿ ಇಸಿಜಿ ಸರಿಯಿದೆ, ಆದರೆ ಎಂಜಲು ನುಂಗಿದರೂ ನೋವು. ಮೂರನೆಯದರಲ್ಲಿ ಅವನ ಔಷಧದ ಚೀಲ: ಇಲಿ ಜ್ವರ ಬಾರದಿರಲೆಂದು ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ (ಅದೇ ಟೆಟ್ರಾಸೈಕ್ಲಿನ್ ಗುಂಪಿನದು), ಜೊತೆಗೆ ಅಂಗಡಿಯಿಂದ ತಾನೇ ತಂದ ಆಂಟಾಸಿಡ್.

ಹೊನ್ನಾವರದ ಗೆಳೆಯನ ತಂದೆ ಕಡಲಿಗೆ ಹೋಗುವವರು. ಅವನು ಕೇಳಿದ: “ಕ್ಯಾಪ್ಸೂಲನ್ನು ಎಷ್ಟು ನೀರಿನಲ್ಲಿ ನುಂಗಿದ? ದೋಣಿಯಲ್ಲಿ ಕುಡಿಯುವ ನೀರನ್ನು ಅಳೆದು ಬಳಸುತ್ತಾರೆ.” ಕೋಣೆ ನಿಶ್ಶಬ್ದವಾಯಿತು. ಒಂದು ಗುಟುಕಿನಲ್ಲಿ ನುಂಗಿ ಹಾಗೆಯೇ ಮಲಗಿದ್ದಾನೆ. ಕ್ಯಾಪ್ಸೂಲ್ ಅನ್ನನಾಳದಲ್ಲಿ ಅಂಟಿ ಕರಗಿ ಹುಣ್ಣು ಮಾಡಿದೆ. ಅಲ್ಲಿಂದ ಪ್ರಶ್ನೆಗಳು ತಾವಾಗಿ ಬಂದವು. ಉರಿಗೆಂದು ಕುಡಿಯುವ ಆಂಟಾಸಿಡ್‌ನ ಅಲ್ಯೂಮಿನಿಯಂ, ಮೆಗ್ನೀಸಿಯಂ ಮುಂದಿನ ವಾರದ ಡಾಕ್ಸಿಸೈಕ್ಲಿನನ್ನು ರಕ್ತಕ್ಕೆ ಸೇರದಂತೆ ಹಿಡಿದಿಟ್ಟುಕೊಂಡರೆ? ಈ ಔಷಧ ತೆಗೆದುಕೊಂಡರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ ಎಂದು ದೋಣಿಯ ಮೇಲೆ ದುಡಿಯುವವನಿಗೆ ಹೇಗೆ ಹೇಳುವುದು? ತುಂಬು ತೋಳಿನ ಅಂಗಿ, ದೊಡ್ಡ ಲೋಟದ ತುಂಬ ನೀರು, ನುಂಗಿದ ಮೇಲೆ ಅರ್ಧ ಗಂಟೆಯಾದರೂ ಮಲಗದಿರುವುದು. ಇದನ್ನು ಕೊಂಕಣಿಯಲ್ಲಿ ಹೇಳಬೇಕೆಂದು ನಿಯಮ ಮಾಡಿದೆ, ಏಕೆಂದರೆ ಇಲ್ಲಿನ ಔಷಧದಂಗಡಿಯ ಕಟ್ಟೆಗೆ ಬರುವವರಲ್ಲಿ ಬಹಳ ಜನ ಮಾತನಾಡುವುದು ಅದನ್ನೇ.

ಆ ಮೇಲೆ ಎಲ್ಲರೂ ಎಲ್ಲವನ್ನೂ ಓದಬೇಕು, ಎರಡನೆಯ ಸಂಜೆ ನೋಟ್ಸ್ ಮುಚ್ಚಿ ಮಾತನಾಡಬೇಕು ಎಂದಾಯಿತು. ಹೆಚ್ಚು ಮಾತನಾಡುವವರನ್ನು ಸುಮ್ಮನಿರಿಸಲು ನನ್ನದೊಂದು ಉಪಾಯವಿದೆ; ಯಾವ ಸುಳಿವನ್ನು ಯಾವ ಹಾಳೆಯಲ್ಲಿ ಇಡಬೇಕೆಂಬ ಲೆಕ್ಕವೂ ಇದೆ. ಎರಡನ್ನೂ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇಂಥ ಹದಿನಾಲ್ಕೋ ಹದಿನೈದೋ ಕೇಸ್ ಬರೆದಿದ್ದೇನೆ. ಎರಡು ಮಾತ್ರ ಬಿದ್ದುಹೋದವು.

ಕೈಬರಹದ ಒಂದೇ ಪ್ರತಿ ಸಾಕಾದ್ದರಿಂದ ಪ್ರಿಂಟಿನ ಖರ್ಚು ನಿಂತಿತು. ಹಳೆಯ ಬಿಳಿ ಹಲಗೆಗೆ ನಾನೂರೈವತ್ತು, ಉಳಿದದ್ದು ಚಹಾ ಮತ್ತು ಬನ್ಸ್‌ಗೆ. ಇಡೀ ಸೆಮಿಸ್ಟರಿಗೆ ತಲೆಗೆ ಐನೂರು ದಾಟಿರಲಿಕ್ಕಿಲ್ಲ.

ನಡುವೆ ಶಿರಸಿಯ ಗೆಳತಿ ತನ್ನ ಕಡೆಯ ಕೇಸ್ ತಂದಳು: ದಿನವಿಡೀ ಕವಳ (ಎಲೆಯಡಿಕೆ) ಹಾಕುವ, ಉಬ್ಬಸವಿರುವ ಅಜ್ಜ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ, ನರದ ಸಂದೇಶ ಹಿಡಿಯುವ ಮಸ್ಕರಿನಿಕ್ ಗ್ರಾಹಕಗಳನ್ನು ಕೆರಳಿಸುತ್ತದೆ, ಶ್ವಾಸನಾಳ ಬಿಗಿಯಬಹುದು. ಮೂರು ಸಂಜೆ ಇದರಲ್ಲೇ ಹೋಯಿತು. ಆ ಸೆಮಿಸ್ಟರಿನ ಪರೀಕ್ಷೆಗೆ ಬೇಕಾದದ್ದಲ್ಲ ಎಂದು ಜಗಳವೂ ಆಯಿತು. ಆದರೆ ಬಾಕಿ ಇದ್ದ ಮೂವರಿಗೆ ನಾಲ್ಕನೆಯ ಸೆಮಿಸ್ಟರಿನ ಪಾಠವಾದ ಸ್ವಾಯತ್ತ ನರಮಂಡಲ (ಉಸಿರಾಟ, ಎದೆಬಡಿತದಂಥವನ್ನು ತಾನಾಗಿ ನಿಯಂತ್ರಿಸುವ ನರಗಳು) ತಲೆಗೆ ಹತ್ತಿದ್ದು ಆ ಅಜ್ಜನ ಕವಳದಿಂದಲೇ.

ಎರಡನೆಯ ಸೆಷನಲ್‌ನಲ್ಲಿ ನನಗೆ ಇಪ್ಪತ್ತನಾಲ್ಕು ಬಂತು. ಮೀನುಗಾರನ ಕೇಸನ್ನು ಕಿರಿಯರು ಒಯ್ದಿದ್ದಾರೆ. ಈಗ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧದ ಕೇಸ್ ಬರೆಯುತ್ತಿದ್ದೇನೆ: ಹೃದಯದ ಕವಾಟ ಬದಲಾಯಿಸಿಕೊಂಡ ಅಂಕೋಲೆಯ ಅಜ್ಜಿ, ಹಿತ್ತಲಿನ ತುಂಬ ಆ ಔಷಧದ ಬಲ ತಗ್ಗಿಸಬಲ್ಲ ಹರಿವೆ ಸೊಪ್ಪು. ಸೊಪ್ಪನ್ನು ಎರಡನೆಯ ಹಾಳೆಯಲ್ಲಿ ಇಡಬೇಕೋ ಮೂರನೆಯದರಲ್ಲೋ, ಇನ್ನೂ ತೀರ್ಮಾನವಾಗಿಲ್ಲ.