ಸ್ಲೈಡ್‌ಶೋಗೆ ಸಂಗೀತ ಕೊಳ್ಳುವುದು ಹೇಗೆ? ಹಾಡಿಗಿಂತ ಮೊದಲು ಲೈಸೆನ್ಸ್ ನೋಡಿ

ಮದುವೆ ಸೀಸನ್ ಶುರುವಾಯಿತೆಂದರೆ ವಿಜಯಪುರ, ಬಾಗಲಕೋಟೆ ಕಡೆಯ ಫೋಟೊ ಸ್ಟುಡಿಯೊಗಳಲ್ಲಿ ನಡುರಾತ್ರಿಯಾದರೂ ಕಂಪ್ಯೂಟರ್ ಬಂದ್ ಆಗುವುದಿಲ್ಲ. ಗೋಳಗುಮ್ಮಟದ ಮುಂದೆ, ಆಲಮಟ್ಟಿಯ ಗಾರ್ಡನ್‌ನಲ್ಲಿ ತೆಗೆದ ಪ್ರಿವೆಡ್ಡಿಂಗ್ ಫೋಟೊ, ಕುಬಸದ ಫೋಟೊ, ಶಾಲೆಯ ಗ್ಯಾದರಿಂಗ್, ಮಾಸ್ತರರ ನಿವೃತ್ತಿ ಸಮಾರಂಭ, ಎಲ್ಲದಕ್ಕೂ ಈಗ ಒಂದು ಸ್ಲೈಡ್‌ಶೋ ಬೇಕು. ಫೋಟೊ ಆರಿಸಿ ಜೋಡಿಸಲು ದಿನಗಟ್ಟಲೆ ಕೂರುತ್ತಾರೆ. ಸಂಗೀತಕ್ಕೆ ಮಾತ್ರ ಕೊನೆಯ ಹತ್ತು ನಿಮಿಷ. ಯಾವುದೋ ಸಿನಿಮಾ ಹಾಡು ಡೌನ್‌ಲೋಡ್ ಮಾಡಿ ಕೆಳಗೆ ಹಾಕಿಬಿಡುತ್ತಾರೆ. ಮರುದಿನ ಯೂಟ್ಯೂಬ್‌ಗೆ ಏರಿಸಿದರೆ ಧ್ವನಿಯೇ ಮಾಯ, ಇಲ್ಲವೇ ವಿಡಿಯೊನೇ ಬ್ಲಾಕ್.

ಹಣ ಕೊಟ್ಟು ಸಂಗೀತ ಕೊಂಡವರೂ ಇದೇ ತೊಂದರೆಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಅವರು ಟ್ರ್ಯಾಕ್ ಕೊಂಡಿದ್ದರು, ಆದರೆ ತಮ್ಮ ಕೆಲಸಕ್ಕೆ ಹೊಂದದ ಲೈಸೆನ್ಸ್ ಕೊಂಡಿದ್ದರು. ಹಾಗಾಗಿ ಇಲ್ಲಿ ಲೈಸೆನ್ಸ್ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ಮೊದಲು: ವಿಡಿಯೊ ಎಲ್ಲಿಗೆ ಹೋಗುತ್ತದೆ?

ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮನೆಯ ಟಿವಿಗೆ ಮಾತ್ರವೇ? ಕಲ್ಯಾಣ ಮಂಟಪದ ಎಲ್‌ಇಡಿ ಪರದೆಗೇ? ಯೂಟ್ಯೂಬ್, ಇನ್‌ಸ್ಟಾಗ್ರಾಂಗೂ ಹೋಗುತ್ತದೆಯೇ? ನೀವು ಗಿರಾಕಿಯಿಂದ ಹಣ ಪಡೆದು ಮಾಡುತ್ತಿದ್ದೀರಾ? ಮುಂದಿನ ಎಲ್ಲ ನಿರ್ಧಾರ ಈ ಚೀಟಿಯ ಮೇಲೇ ನಿಂತಿದೆ.

ಇಲ್ಲಿ ಒಂದು ಗೊಂದಲ ಬಹಳ ಜನರಿಗಿದೆ. ಮದುವೆಯಲ್ಲಿ ಹಾಡು ಹಾಕಲು ಅನುಮತಿ ಬೇಕಿಲ್ಲ ಅಂತಾರಲ್ಲ, ಅದು ನಿಜ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಆ ವಿನಾಯಿತಿ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಅದನ್ನು ಸ್ಪಷ್ಟಪಡಿಸಿತು. ಆದರೆ ಅದು ಸಮಾರಂಭದಲ್ಲಿ ಹಾಡು ನುಡಿಸುವ ಮಾತು. ಅದೇ ಹಾಡನ್ನು ವಿಡಿಯೊಗೆ ಕೂಡಿಸಿ ಇಂಟರ್ನೆಟ್‌ಗೆ ಹಾಕುವುದು ಬೇರೆಯೇ ವಿಷಯ. ಮಂಟಪದ ವಿನಾಯಿತಿ ಯೂಟ್ಯೂಬ್‌ವರೆಗೆ ಬರುವುದಿಲ್ಲ.

ಈ ನಂಬಿಕೆಗಳನ್ನು ಬಿಟ್ಟುಬಿಡಿ

‘ಮೂವತ್ತು ಸೆಕೆಂಡ್ ಒಳಗಿದ್ದರೆ ನಡೀತದ್ರಿ’ ಎನ್ನುವುದನ್ನು ಬೆಳಗಾವಿಯಿಂದ ಬಾದಾಮಿವರೆಗೆ ಎಲ್ಲ ಸ್ಟುಡಿಯೊದಲ್ಲೂ ಕೇಳಿದ್ದೇನೆ. ನಮ್ಮ ಕಾಯ್ದೆಯಲ್ಲಿ ಅಂಥ ನಿಯಮ ಇಲ್ಲವೇ ಇಲ್ಲ. ಹಾಡಿನ ವೇಗ ಕಡಿಮೆ ಮಾಡಿ, ಸ್ವಲ್ಪ ಗುಂಯ್‌ಗುಡಿಸಿ ಹಾಕುವ ಉಪಾಯವೂ ಬೇಡ. ಡಿಸ್ಕ್ರಿಪ್ಷನ್‌ನಲ್ಲಿ ‘ಹಾಡಿನ ಹಕ್ಕು ಮೂಲ ಮಾಲೀಕರದು’ ಎಂದು ಬರೆದರೆ ಅನುಮತಿ ಸಿಕ್ಕಂತಾಗುವುದಿಲ್ಲ.

ಸಿನಿಮಾ ಹಾಡನ್ನು ಕೊಳಲಿನಲ್ಲೋ ಬ್ಯಾಂಜೊದಲ್ಲೋ ನುಡಿಸಿದ ರೆಕಾರ್ಡಿಂಗ್ ಇದ್ದರೆ? ಅದೂ ನಡೆಯುವುದಿಲ್ಲ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ರಾಗಸಂಯೋಜನೆಯದು ಒಂದು, ರೆಕಾರ್ಡಿಂಗ್‌ನದು ಇನ್ನೊಂದು. ಕೊಳಲಿನವರು ತಮ್ಮ ರೆಕಾರ್ಡಿಂಗ್ ಕೊಡಬಹುದು, ಟ್ಯೂನ್ ಅವರದ್ದಲ್ಲ.

ವಚನಗಳ ವಿಷಯದಲ್ಲಿ ಇದನ್ನು ಇನ್ನೂ ಹುಷಾರಾಗಿ ನೋಡಬೇಕು. ಬಸವಣ್ಣನವರು ಹುಟ್ಟಿದ ಬಾಗೇವಾಡಿ, ಐಕ್ಯವಾದ ಕೂಡಲಸಂಗಮ ಎರಡೂ ನಮ್ಮ ಭಾಗದಲ್ಲೇ ಇವೆ. ಜಾತ್ರೆ, ಶರಣ ಸಮ್ಮೇಳನಗಳ ಸ್ಲೈಡ್‌ಶೋಗೆ ವಚನ ಗಾಯನ ಹಾಕುವುದು ಸಹಜ. ಹನ್ನೆರಡನೇ ಶತಮಾನದ ವಚನದ ಪಠ್ಯಕ್ಕೆ ಕಾಪಿರೈಟ್ ಇಲ್ಲ. ಆದರೆ ಅದಕ್ಕೆ ಈ ಕಾಲದವರು ಹಾಕಿದ ರಾಗಸಂಯೋಜನೆಗೆ ಸಂಯೋಜಕರು ಬದುಕಿರುವಷ್ಟು ಕಾಲ, ನಂತರ 60 ವರ್ಷ ಹಕ್ಕು ಇರುತ್ತದೆ. ರೆಕಾರ್ಡಿಂಗ್‌ಗೆ ಬಿಡುಗಡೆಯಾದ ಮೇಲೆ 60 ವರ್ಷ. ಕ್ಯಾಸೆಟ್ ಕಾಲದ ವಚನ ಗಾಯನವೆಲ್ಲ ಇನ್ನೂ ಅದರೊಳಗೇ ಇದೆ.

ಲೈಸೆನ್ಸ್ ಓದುವುದು: ಇಲ್ಲೇ ಎಲ್ಲರೂ ಎಡವುತ್ತಾರೆ

‘ರಾಯಲ್ಟಿ ಫ್ರೀ’ ಅಂದರೆ ಪುಕ್ಕಟೆ ಅಲ್ಲ. ಒಮ್ಮೆ ಹಣ ಕೊಟ್ಟರೆ, ವಿಡಿಯೊವನ್ನು ಎಷ್ಟು ಜನ ನೋಡಿದರೂ ಪ್ರತಿ ಸಲ ಮತ್ತೆ ಕೊಡಬೇಕಿಲ್ಲ, ಅಷ್ಟೇ. ಹಾಡಿನ ಮಾಲೀಕರು ಇದ್ದೇ ಇರುತ್ತಾರೆ. ಅವರು ನಿಮಗೆ ಏನೇನು ಮಾಡಲು ಬಿಟ್ಟಿದ್ದಾರೆ ಎನ್ನುವುದು ಲೈಸೆನ್ಸ್ ಪುಟದಲ್ಲಿ ಇರುತ್ತದೆ. ಹಾಡು ಕೇಳುವ ಮೊದಲೇ ಆ ಪುಟ ತೆರೆಯಿರಿ. ಹಾಡು ಮನಸ್ಸಿಗೆ ಹಿಡಿಸಿಬಿಟ್ಟ ಮೇಲೆ ಯಾರೂ ನಿಯಮ ಓದುವುದಿಲ್ಲ.

ಪುಟ ಉದ್ದ ಇರುತ್ತದೆ, ಇಂಗ್ಲಿಷ್‌ನಲ್ಲಿ ಇರುತ್ತದೆ. ಪೂರ್ತಿ ಓದಲು ಆಗದಿದ್ದರೆ ಕೆಲವು ಪ್ರಶ್ನೆ ಹಿಡಿದುಕೊಂಡು ಹುಡುಕಿ.

ಎಲ್ಲಕ್ಕಿಂತ ಮುಖ್ಯವಾದದ್ದು: ಗಿರಾಕಿಗೆ ಮಾಡಿಕೊಡಲು ಅನುಮತಿ ಇದೆಯೇ? ಪುಟದಲ್ಲಿ ‘ಕ್ಲೈಂಟ್’ ಎಂಬ ಪದ ಹುಡುಕಿ. ತಿಂಗಳಿಗೆ ಇಷ್ಟು ಎಂದು ಕಟ್ಟುವ ತಾಣಗಳಲ್ಲಿ ಕಡಿಮೆ ದರದ ಪ್ಲ್ಯಾನ್ ಸಾಮಾನ್ಯವಾಗಿ ನಿಮ್ಮ ಸ್ವಂತ ಚಾನೆಲ್‌ಗೆ ಮಾತ್ರ. ಸ್ಟುಡಿಯೊದವರು ಅದನ್ನೇ ಕೊಂಡು ಹತ್ತಾರು ಮದುವೆಗೆ ಬಳಸುತ್ತಾರೆ. ವರ ತನ್ನ ಚಾನೆಲ್‌ನಲ್ಲಿ ವಿಡಿಯೊ ಹಾಕಿದ ಕೂಡಲೇ ಕ್ಲೇಮ್ (ಈ ಹಾಡು ನಮ್ಮದು ಎಂಬ ಹಕ್ಕುದಾರರ ತಕರಾರು) ಬರುತ್ತದೆ, ಏಕೆಂದರೆ ಆ ಚಾನೆಲ್ ನಿಮ್ಮ ಪ್ಲ್ಯಾನ್‌ನಲ್ಲಿ ಇಲ್ಲ. ಹಣ ಪಡೆದು ಕೆಲಸ ಮಾಡುವವರು ಕ್ಲೈಂಟ್ ಕೆಲಸ ಸೇರಿದ ಪ್ಲ್ಯಾನ್ ಅನ್ನೇ ಕೊಳ್ಳಿ. ಇದರಲ್ಲಿ ಉಳಿತಾಯ ನೋಡಬೇಡಿ.

ಆಮೇಲೆ, ಒಂದು ಲೈಸೆನ್ಸ್ ಎಷ್ಟು ವಿಡಿಯೊಗೆ? ಬಿಡಿ ಟ್ರ್ಯಾಕ್ ಮಾರುವ ಕಡೆ ಎಷ್ಟೋ ಸಲ ಒಂದು ಲೈಸೆನ್ಸ್‌ಗೆ ಒಂದೇ ವಿಡಿಯೊ. ಇಳಕಲ್ಲಿನ ಮದುವೆಗೆ ಕೊಂಡ ಟ್ರ್ಯಾಕ್ ಅನ್ನು ಮುಧೋಳದ ಮದುವೆಗೂ ಹಾಕುವಂತಿಲ್ಲ. ಮತ್ತೆ ಕೊಳ್ಳಬೇಕು.

ಚಂದಾ ನಿಲ್ಲಿಸಿದ ಮೇಲೆ ಹಳೆಯ ವಿಡಿಯೊ ಗತಿ ಏನು? ಆರ್ಟ್‌ಲಿಸ್ಟ್, ಎಪಿಡೆಮಿಕ್ ಸೌಂಡ್‌ನಂಥ ತಾಣಗಳಲ್ಲಿ ಚಂದಾ ಇದ್ದಾಗ ಪ್ರಕಟಿಸಿದ ವಿಡಿಯೊಗೆ ಮುಂದೆಯೂ ರಕ್ಷಣೆ ಇರುತ್ತದೆ. ಆದರೆ ಡೌನ್‌ಲೋಡ್ ಮಾಡಿಟ್ಟ ಟ್ರ್ಯಾಕ್ ಅನ್ನು ಚಂದಾ ಮುಗಿದ ಮೇಲೆ ಹೊಸ ವಿಡಿಯೊಗೆ ಹಾಕಬಹುದು ಅಂತ ಅಂದುಕೊಳ್ಳಬೇಡಿ. ‘ಪ್ರಕಟಿಸಿದ’ ಎನ್ನುವುದನ್ನು ಗಮನಿಸಿ. ಎಡಿಟ್ ಮಾಡಿ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟರೆ ಪ್ರಕಟವಾದಂತೆ ಅಲ್ಲ. ಚಂದಾ ನಿಲ್ಲಿಸುವ ಮೊದಲು ಬಾಕಿ ಇರುವುದನ್ನೆಲ್ಲ ಏರಿಸಿ, ಗಿರಾಕಿಗೂ ಬೇಗ ಏರಿಸಲು ಹೇಳಿ.

ಪುಕ್ಕಟೆ ಸಂಗೀತದಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಲೈಸೆನ್ಸ್ ಮತ್ತೆ ಮತ್ತೆ ಕಾಣುತ್ತದೆ. ಅದರ ಮುಂದಿನ ಎರಡಕ್ಷರ ನೋಡದೆ ಮುಟ್ಟಬೇಡಿ. ‘ಸಿಸಿ ಬೈ’ ಇದ್ದರೆ ರಚಿಸಿದವರ ಹೆಸರು ಹಾಕಿ ಬಳಸಬಹುದು, ಹಣ ಪಡೆಯುವ ಕೆಲಸಕ್ಕೂ ಸರಿ. ‘ಎನ್‌ಸಿ’ ಇದ್ದರೆ ಹಣ ಮಾಡುವ ಕೆಲಸಕ್ಕೆ ಇಲ್ಲ, ಅಂದರೆ ಸ್ಟುಡಿಯೊದವರಿಗೆ ಇಲ್ಲ. ‘ಎನ್‌ಡಿ’ ಇದ್ದರೆ ಹಾಡನ್ನು ಬದಲಿಸುವಂತಿಲ್ಲ. ‘ನಾನು ಕತ್ತರಿಸುವುದಿಲ್ಲ, ಇದ್ದ ಹಾಗೇ ಹಾಕುತ್ತೇನೆ’ ಎಂದು ಹಲವರು ಹೇಳುತ್ತಾರೆ. ಆದರೆ ಚಲಿಸುವ ಚಿತ್ರಕ್ಕೆ ಸಂಗೀತವನ್ನು ಹೊಂದಿಸಿ ಕೂಡಿಸುವುದನ್ನೇ ಆ ಲೈಸೆನ್ಸ್ ಬದಲಾವಣೆ ಎಂದು ಎಣಿಸುತ್ತದೆ. ಆದ್ದರಿಂದ ‘ಎನ್‌ಡಿ’ ಟ್ರ್ಯಾಕ್ ಸ್ಲೈಡ್‌ಶೋಗೆ ಬರುವುದೇ ಇಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ.

ಕೊನೆಯ ಪ್ರಶ್ನೆ, ಈ ಟ್ರ್ಯಾಕ್ ಯೂಟ್ಯೂಬ್‌ನ ಕಂಟೆಂಟ್ ಐಡಿಯಲ್ಲಿ ನೋಂದಣಿ ಆಗಿದೆಯೇ? ಕಂಟೆಂಟ್ ಐಡಿ ಎಂದರೆ ಏರಿಸಿದ ಪ್ರತಿ ವಿಡಿಯೊದ ಧ್ವನಿಯನ್ನು ನೋಂದಾಯಿಸಿದ ಹಾಡುಗಳ ಜತೆ ತಾಳೆ ನೋಡುವ ಯಂತ್ರ. ನೀವು ಹಣ ಕೊಟ್ಟಿದ್ದೀರಿ ಎನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಕೊಂಡ ಟ್ರ್ಯಾಕ್‌ಗೂ ಕ್ಲೇಮ್ ಬರಬಹುದು. ಅದನ್ನು ತೆಗೆಸುವ ದಾರಿ ತಾಣದವರು ಬರೆದಿದ್ದಾರೆಯೇ ನೋಡಿ. ಆ ಬಗ್ಗೆ ಒಂದು ಸಾಲೂ ಬರೆಯದ ತಾಣದಲ್ಲಿ ನಾನಾದರೆ ಕೊಳ್ಳುವುದಿಲ್ಲ.

ಎಲ್ಲಿ ಕೊಳ್ಳಬೇಕು?

ಮನೆಯ ಮಟ್ಟಿಗೆ ವರ್ಷಕ್ಕೆ ಒಂದೆರಡು ಸ್ಲೈಡ್‌ಶೋ ಮಾಡುವವರು ಕೊಳ್ಳುವುದೇ ಬೇಡ. ಯೂಟ್ಯೂಬ್ ಸ್ಟುಡಿಯೊ (ನಿಮ್ಮ ಚಾನೆಲ್ ನೋಡಿಕೊಳ್ಳುವ ಪುಟ) ಒಳಗೆ ಪುಕ್ಕಟೆ ಸಂಗೀತದ ಆಡಿಯೊ ಲೈಬ್ರರಿ ಇದೆ. ಯೂಟ್ಯೂಬ್‌ಗೆ ಹಾಕುವ ವಿಡಿಯೊಗೆ ಅದಕ್ಕಿಂತ ನಂಬಿಕೆಯ ಜಾಗ ಇಲ್ಲ. ಕೆಲವು ಟ್ರ್ಯಾಕ್‌ಗೆ ಮಾತ್ರ ಹೆಸರು ಹಾಕಬೇಕು, ಅದನ್ನು ಅಲ್ಲಿಯೇ ತೋರಿಸುತ್ತಾರೆ. ಪುಕ್ಕಟೆ ಸಂಗೀತ ಕೊಡುವ ಪಿಕ್ಸಾಬೇ ತಾಣ ಕೂಡ ಚೆನ್ನಾಗಿದೆ, ಹೆಸರು ಹಾಕುವ ಕಡ್ಡಾಯ ಇಲ್ಲ. ಆದರೆ ಅಲ್ಲಿನ ಕೆಲವು ಟ್ರ್ಯಾಕ್ ಕಂಟೆಂಟ್ ಐಡಿಯಲ್ಲಿ ಇರುತ್ತವೆ, ನೋಡಿಕೊಳ್ಳಿ.

ಅಪರೂಪಕ್ಕೆ ಒಂದು ದೊಡ್ಡ ಕೆಲಸ ಬಂದಿದ್ದರೆ, ಉದಾಹರಣೆಗೆ ಸಹಕಾರಿ ಸಂಘದ ವಾರ್ಷಿಕೋತ್ಸವವೋ ಸಕ್ಕರೆ ಕಾರ್ಖಾನೆಯ ವಿಡಿಯೊನೋ, ಪಾಂಡ್5, ಪ್ರೀಮಿಯಂಬೀಟ್‌ನಂಥ ಕಡೆ ಒಂದೇ ಟ್ರ್ಯಾಕ್ ಕೊಂಡು ಅದರ ಖರ್ಚನ್ನು ಬಿಲ್ಲಿಗೆ ಸೇರಿಸಿ. ವರ್ಷಪೂರ್ತಿ ಕೆಲಸ ಇರುವ ಸ್ಟುಡಿಯೊಗೆ ಚಂದಾ ಲಾಭ. ಲೆಕ್ಕ ಸುಲಭ: ವರ್ಷದ ಚಂದಾವನ್ನು ಒಂದು ಟ್ರ್ಯಾಕ್‌ನ ಬೆಲೆಯಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಜಾಸ್ತಿ ವಿಡಿಯೊ ಮಾಡುತ್ತೀರಾದರೆ ಚಂದಾ ತೆಗೆದುಕೊಳ್ಳಿ.

ದೂರ ಇಡಬೇಕಾದದ್ದು ಎಂದರೆ ‘ನೋ ಕಾಪಿರೈಟ್ ಮ್ಯೂಸಿಕ್’ ಎಂದು ಹೆಸರಿಟ್ಟ ಯಾರ್‍ಯಾರದೋ ಚಾನೆಲ್‌ಗಳಿಂದ ಇಳಿಸಿಕೊಳ್ಳುವುದು. ಹಾಕಿದವರಿಗೇ ಆ ಹಾಡಿನ ಹಕ್ಕು ಇದೆಯೋ ಇಲ್ಲವೋ ತಿಳಿಯುವ ದಾರಿ ಇಲ್ಲ. ಸಾವಿರ ಹಾಡು ತುಂಬಿ ಮಾರುವ ಪೆನ್‌ಡ್ರೈವ್‌ಗಳೂ ಬೇಡ. ಹಣ ಕೊಟ್ಟರೂ ಕೈಗೆ ಲೈಸೆನ್ಸ್ ಬರುವುದಿಲ್ಲ. ಎಐ ಸಂಗೀತದ ತಾಣಗಳಲ್ಲೂ ಪುಕ್ಕಟೆ ಪ್ಲ್ಯಾನ್ ಇದ್ದರೆ ನಿಯಮ ಓದಿ. ಸುನೋದಲ್ಲಿ ಪುಕ್ಕಟೆಯಾಗಿ ಮಾಡಿದ ಹಾಡನ್ನು ಹಣ ಪಡೆಯುವ ಕೆಲಸಕ್ಕೆ ಬಳಸುವಂತಿಲ್ಲ.

ನಮ್ಮ ಕಡೆಯ ಮದುವೆಗೆ ನಮ್ಮ ಸದ್ದೇ ಬೇಕು ಎನ್ನುವವರಿಗೆ ಈ ತಾಣಗಳಲ್ಲಿ ನಿರಾಸೆ ಆಗುತ್ತದೆ. ‘ಇಂಡಿಯನ್ ವೆಡ್ಡಿಂಗ್’ ಎಂದು ಹುಡುಕಿದರೆ ಪಂಜಾಬಿ ಢೋಲ್, ಸಿತಾರ್, ತಬಲಾ ಬರುತ್ತವೆ. ‘ಶೆಹನಾಯಿ’, ‘ಬಾನ್ಸುರಿ’, ‘ಸಂತೂರ್’ ಎಂದು ವಾದ್ಯದ ಹೆಸರಿನಿಂದಲೇ ಹುಡುಕಿದರೆ ಸ್ವಲ್ಪ ವಾಸಿ. ನಮ್ಮ ಜನಪದ ವಾದ್ಯಗಳಾದ ಕರಡಿ ಮಜಲು, ಸಂಬಾಳ ಹುಡುಕಿದರೂ ಸಿಗುವುದು ಕಷ್ಟ. ಅದಕ್ಕೆ ನಾನು ಹೇಳುವ ದಾರಿ: ಊರಿನ ಕರಡಿ ಮಜಲು ಮೇಳದವರನ್ನು ಕರೆದು, ಸಂಭಾವನೆ ಕೊಟ್ಟು, ಸಂಪ್ರದಾಯದ ಮಟ್ಟುಗಳನ್ನೇ ಅರ್ಧ ಗಂಟೆ ರೆಕಾರ್ಡ್ ಮಾಡಿಕೊಳ್ಳಿ. ವಿಡಿಯೊಗಳಿಗೆ ಬಳಸುತ್ತೇವೆ, ಇಂಟರ್ನೆಟ್‌ನಲ್ಲಿ ಹಾಕುತ್ತೇವೆ ಎಂದು ಕನ್ನಡದಲ್ಲೇ ಒಂದು ಹಾಳೆ ಬರೆದು, ಓದಿ ಹೇಳಿ, ಎಲ್ಲರ ಸಹಿ ತೆಗೆದುಕೊಳ್ಳಿ. ನುಡಿಸುವವರಿಗೂ ಕಾಯ್ದೆಯಲ್ಲಿ ಹಕ್ಕು ಇದೆ. ಹಣವೂ ನಮ್ಮ ಕಲಾವಿದರಿಗೇ ಹೋಗುತ್ತದೆ.

ಕೇಳಿ, ಅಳೆದು, ಆಮೇಲೆ ಕೊಳ್ಳಿ

ಕೊಳ್ಳುವ ತಾಣಗಳಲ್ಲಿ ನಡುನಡುವೆ ತಾಣದ ಹೆಸರು ಕೂಗುವ ಪ್ರಿವ್ಯೂ ಫೈಲ್ ಪುಕ್ಕಟೆ ಸಿಗುತ್ತದೆ. ಅದನ್ನೇ ಹಾಕಿ ಎಡಿಟ್ ಮಾಡಿ, ಗಿರಾಕಿಗೆ ತೋರಿಸಿ, ಒಪ್ಪಿದ ಮೇಲೆ ಹಣ ಕಟ್ಟಿ. ತಾಳಕ್ಕೆ ತಕ್ಕಂತೆ ಫೋಟೊ ಬದಲಾದರೆ ನೋಡಲು ಚೆಂದ. ನಿಮಿಷಕ್ಕೆ 96 ಬೀಟ್ ಇರುವ ಟ್ರ್ಯಾಕ್‌ನಲ್ಲಿ ಎಂಟು ಬೀಟ್‌ಗೆ ಸರಿಯಾಗಿ 5 ಸೆಕೆಂಡ್ ಆಗುತ್ತದೆ. ಮೂರು ನಿಮಿಷದ ಟ್ರ್ಯಾಕ್‌ಗೆ 36 ಫೋಟೊ. ಗಿರಾಕಿ ಇನ್ನೂರು ಫೋಟೊ ಕೊಟ್ಟರೆ ಮೊದಲು ಫೋಟೊ ಕಡಿಮೆ ಮಾಡಿಸಿ. ಒಂದು ಸ್ಲೈಡ್‌ಶೋಗೆ ಎರಡಕ್ಕಿಂತ ಜಾಸ್ತಿ ಟ್ರ್ಯಾಕ್ ಬೇಡ. ಮಾತಿನ ಧ್ವನಿ ಇದ್ದರೆ ಹಾಡುಗಾರಿಕೆ ಇಲ್ಲದ ಟ್ರ್ಯಾಕ್ ಮಾತ್ರ ಹಾಕಿ.

ಹಣ ಕಟ್ಟುವಾಗ

ವಿದೇಶಿ ತಾಣವಾದರೆ ನಿಮ್ಮ ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಇದೆಯೇ ನೋಡಿ. 2020ರಿಂದ ಬ್ಯಾಂಕುಗಳು ಕಾರ್ಡ್ ಕೊಡುವಾಗ ಅದನ್ನು ಆಫ್ ಮಾಡಿಯೇ ಕೊಡುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಆಫ್ ಮಾಡಿ. ತೋರಿಸಿದ ಬೆಲೆಯ ಮೇಲೆ ಜಿಎಸ್‌ಟಿ, ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಸೇರಬಹುದು. ‘ತಿಂಗಳಿಗೆ ಇಷ್ಟು’ ಎಂದು ದೊಡ್ಡದಾಗಿ ಬರೆದ ಕೆಳಗೆ ‘ವರ್ಷದ್ದು ಒಮ್ಮೆಗೇ’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ, ಓದಿ. ತಾನಾಗಿ ನವೀಕರಣ ಆಗುವುದನ್ನು ಕೊಂಡ ದಿನವೇ ಬಂದ್ ಮಾಡಿ.

ಕಾಗದ ಇಟ್ಟುಕೊಳ್ಳಿ

ಪ್ರತಿ ಕೆಲಸಕ್ಕೂ ಒಂದು ಫೋಲ್ಡರ್ ಮಾಡಿ. ಅದರಲ್ಲಿ ಟ್ರ್ಯಾಕ್, ಲೈಸೆನ್ಸ್ ಪಿಡಿಎಫ್, ಬಿಲ್, ಕೊಂಡ ದಿನ ಲೈಸೆನ್ಸ್ ಪುಟ ಹೇಗಿತ್ತು ಎನ್ನುವ ಸ್ಕ್ರೀನ್‌ಶಾಟ್ ಇರಲಿ. ನಿಯಮ ಮುಂದೆ ಬದಲಾಗಬಹುದು, ಅದಕ್ಕೇ ಸ್ಕ್ರೀನ್‌ಶಾಟ್. ಪೆನ್‌ಡ್ರೈವ್‌ನಲ್ಲಿ ವಿಡಿಯೊ ಕೊಡುವಾಗ ಗಿರಾಕಿಗೂ ಲೈಸೆನ್ಸ್‌ನ ಒಂದು ಪ್ರತಿ ಕೊಡಿ.

ಕ್ಲೇಮ್ ಬಂದರೆ ಗಾಬರಿ ಬೇಡ. ಕ್ಲೇಮ್ ಬೇರೆ, ಸ್ಟ್ರೈಕ್ (ಕಾಪಿರೈಟ್ ಮುರಿದದ್ದಕ್ಕೆ ಚಾನೆಲ್‌ಗೆ ಯೂಟ್ಯೂಬ್ ಕೊಡುವ ಎಚ್ಚರಿಕೆ) ಬೇರೆ. 90 ದಿನದೊಳಗೆ ಮೂರು ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್‌ನಿಂದ ಹಾಗಾಗುವುದಿಲ್ಲ. ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ವಿಡಿಯೊ ತೆರೆದು, ಡಿಸ್ಪ್ಯೂಟ್ ಒತ್ತಿ, ಕಾರಣವಾಗಿ ‘ಲೈಸೆನ್ಸ್’ ಆರಿಸಿ. ಟ್ರ್ಯಾಕ್‌ನ ಹೆಸರು, ಕೊಂಡ ತಾಣ, ಲೈಸೆನ್ಸ್ ಸಂಖ್ಯೆ, ದಿನಾಂಕ ಬರೆಯಿರಿ. ಉದ್ದ ಕಥೆ ಬೇಡ. ಕ್ಲೇಮ್ ಹಾಕಿದವರಿಗೆ ಉತ್ತರಿಸಲು 30 ದಿನ ಇರುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ. ಅದಕ್ಕೂ ಮೊದಲು, ಟ್ರ್ಯಾಕ್ ಕೊಂಡ ತಾಣದವರಿಗೆ ವಿಡಿಯೊ ಲಿಂಕ್ ಕಳಿಸಿ ನೋಡಿ. ಒಳ್ಳೆಯ ತಾಣದವರು ತಾವೇ ತೆಗೆಸಿಕೊಡುತ್ತಾರೆ.

ಸಿನಿಮಾ ಹಾಡು ಹಾಕಿ ಈಗಾಗಲೇ ಏರಿಸಿದ ಹಳೆಯ ವಿಡಿಯೊಗಳಿದ್ದರೆ ಡಿಲೀಟ್ ಮಾಡಬೇಕಿಲ್ಲ. ಕ್ಲೇಮ್ ಬಂದ ವಿಡಿಯೊದಲ್ಲಿ ಆ ಹಾಡನ್ನು ಮಾತ್ರ ತೆಗೆದು ಆಡಿಯೊ ಲೈಬ್ರರಿಯ ಬೇರೆ ಟ್ರ್ಯಾಕ್ ಕೂಡಿಸುವ ಸೌಲಭ್ಯ ಯೂಟ್ಯೂಬ್ ಸ್ಟುಡಿಯೊದಲ್ಲೇ ಇದೆ. ಲಿಂಕ್ ಬದಲಾಗುವುದಿಲ್ಲ, ಬಂದ ಕಾಮೆಂಟ್‌ಗಳೂ ಹಾಗೇ ಉಳಿಯುತ್ತವೆ.