ಬಯಾಲಜಿ ಎಕ್ಸಾಮ್‌ಗೆ ಕೊನೇ ಗಳಿಗೆಯಲ್ಲಿ ಪುಸ್ತಕ ಮುಚ್ಚಿಟ್ಟು ಓದಿದ್ದು – ನನ್ನ ಅನುಭವ

ಎಕ್ಸಾಮ್‌ಗೆ ಇನ್ನೆರಡು ಮೂರು ದಿನ ಇರೋವಾಗ ಟೆಕ್ಸ್ಟ್‌ಬುಕ್ ಮುಚ್ಚಿಟ್ಟು ಖಾಲಿ ಹಾಳೆ ಮುಂದಿಟ್ಕೊಂಡು ಕೂರ್ತೀನಿ ಅಂತ ಹೇಳ್ದಾಗ ನಮ್ ಗ್ಯಾಂಗಲ್ಲಿ ಎಲ್ರೂ ನಕ್ಕಿದ್ರು. ನಮ್ ಕ್ಲಾಸ್ ಟಾಪರ್ ಅಂತೂ "ಪಾಸಾದ್ರೆ ಸಾಕು ಅಂತ ತೀರ್ಮಾನ ಮಾಡ್ಬಿಟ್ಟಿದೀಯ ಅನ್ಸುತ್ತೆ ಬಿಡೇ" ಅಂದ್ಲು. ರಿಸಲ್ಟ್ ಬಂದಾಯ್ತು, ತೊಂಬತ್ತರ ಮೇಲೆ ಬಂತು, ಅವಳಿಗಿಂತ ಎರಡೋ ಮೂರೋ ಮಾರ್ಕ್ಸ್ ಜಾಸ್ತಿನೇ. ಈಗ ಅವಳೇ ನಿನ್ನ ಹಾಳೆಗಳ ಫೋಟೋ ಕಳ್ಸು ಅಂತ ಮೆಸೇಜ್ ಮಾಡ್ತಿದಾಳೆ. ಕಳ್ಸಿದ್ರೂ ಉಪಯೋಗ ಇಲ್ಲ, ಯಾಕಂತ ಕೆಳಗೆ ಬರೀತೀನಿ. ಚಾಪ್ಟರ್‌ಗಳು ಏನು, ಯಾವ ಚಿತ್ರ ಬರುತ್ತೆ ಅದೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಮತ್ತೆ ಹೇಳಲ್ಲ.

ಮೊದಲು ದುಡ್ಡು ಹಾಳಾದ ಕಥೆ. ಹೈಲೈಟರ್ ಸೆಟ್ ತಗೊಂಡೆ, ಐದು ಬಣ್ಣ, ವ್ಯಾಖ್ಯೆಗೆ ಹಳದಿ, ಕಾರ್ಯಕ್ಕೆ ಹಸಿರು, ಹೀಗೆ ದೊಡ್ಡ ಪ್ಲಾನು. ಮೂರನೇ ಚಾಪ್ಟರ್‌ಗೆ ಬರೋ ಹೊತ್ತಿಗೆ ಪುಟದಲ್ಲಿ ಬಿಳಿ ಜಾಗನೇ ಉಳಿದಿರ್ಲಿಲ್ಲ, ಎಲ್ಲಾನೂ ಮುಖ್ಯ ಅಂದ್ಮೇಲೆ ಯಾವುದೂ ಮುಖ್ಯ ಅಲ್ಲ ಅಂತಾನೇ ಅರ್ಥ. ಆಮೇಲೆ ಒಂದು ದಪ್ಪ ಗೈಡು, ಅದರಲ್ಲಿ ಉತ್ತರಗಳು ಟೆಕ್ಸ್ಟ್‌ಬುಕ್‌ಗಿಂತ ಉದ್ದ. ಆಮೇಲೆ ಯಾರೋ ಮಾಡಿದ ಶಾರ್ಟ್ ನೋಟ್ಸ್‌ನ ಕಲರ್ ಪ್ರಿಂಟೌಟು. ಎಲ್ಲಕ್ಕಿಂತ ಜಾಸ್ತಿ ಹೋಗಿದ್ದು ಒಂದು ಆಪ್ ಸಬ್‌ಸ್ಕ್ರಿಪ್ಷನ್‌ಗೆ, ತಿಂಗಳ ಲೆಕ್ಕದಲ್ಲಿ ಕೊಡಲ್ಲ, ವರ್ಷದ್ದೇ ತಗೋಬೇಕು ಅಂದ್ರು, ನಾನು ನೋಡಿದ್ದು ಕೊನೇ ವಾರ ಮಾತ್ರ, ಅದೂ ಡಬಲ್ ಸ್ಪೀಡಲ್ಲಿ. ವಿಡಿಯೋ ನೋಡ್ತಿರೋವಾಗ ಎಲ್ಲಾ ಅರ್ಥ ಆಗ್ತಿತ್ತು ಸ್ವಾಮಿ, ಬೆಳಗ್ಗೆ ಎದ್ದು ಕೇಳಿದ್ರೆ ಆ ಸರ್ ಹಾಕ್ಕೊಂಡಿದ್ದ ಶರ್ಟ್ ಬಣ್ಣ ನೆನಪಿದೆ, ಮೂತ್ರಪಿಂಡದ ವಿಷಯ ನೆನಪಿಲ್ಲ. ಅಕ್ಕ ಎಲ್ಲಾ ಸೇರ್ಸಿ ಲೆಕ್ಕ ಹಾಕಿ "ನಿನ್ನ ಆರು ತಿಂಗಳ ಪಾಕೆಟ್ ಮನಿ ಕಣೇ ಇದು" ಅಂತ ತೋರ್ಸಿದ್ಲು. ಕೊನೆಗೆ ಕೆಲಸಕ್ಕೆ ಬಂದಿದ್ದು ಒಂದು ಮಗ್ಗುಲು ಪ್ರಿಂಟ್ ಆಗಿ ಎಸೆಯೋಕಿಟ್ಟಿದ್ದ ಹಾಳೆಗಳ ಹಿಂಬದಿ, ಒಂದು ಪೆನ್ಸಿಲ್, ಒಂದು ಕೆಂಪು ಪೆನ್ನು. ಖರ್ಚು ಸೊನ್ನೆ.

ಹಿಂದಿನ ಎಕ್ಸಾಮಲ್ಲಿ ಕೈ ಕೊಟ್ಟಿದ್ದು ಹೃದಯ. ಆ ಚಾಪ್ಟರ್ ಎಷ್ಟು ಸಲ ಓದಿದ್ದೆ ಅಂದ್ರೆ ಪುಟದ ಯಾವ ಮೂಲೆಯಲ್ಲಿ ಯಾವ ಸಾಲಿದೆ ಅನ್ನೋದೂ ಗೊತ್ತಿತ್ತು. ಆದ್ರೆ ಎಕ್ಸಾಮ್ ಹಾಲಲ್ಲಿ ಚಿತ್ರ ಬಿಡಿಸಿದ ಮೇಲೆ ಬಲ ಯಾವುದು ಎಡ ಯಾವುದು ಅನ್ನೋದೇ ಕಲಸಿ ಹೋಯ್ತು. ಪುಟದ ಎಡಗಡೆ ಇರೋದು ಹೃದಯದ ಬಲಭಾಗ ಅಲ್ವಾ, ನಮ್ಮೆದುರಿಗೆ ನಿಂತಿರೋ ಮನುಷ್ಯನ ಹೃದಯ ಅಂತ ಅಂದ್ಕೊಂಡು ಬಿಡಿಸ್ಬೇಕು. ಓದೋವಾಗ ಇದು ಒಂದು ಸಲಾನೂ ತೊಂದರೆ ಕೊಡಲ್ಲ, ಯಾಕಂದ್ರೆ ಲೇಬಲ್ ಮೊದಲೇ ಅಲ್ಲಿರುತ್ತೆ, ಕಣ್ಣು ಹೂಂ ಹೂಂ ಅಂತ ಮುಂದೆ ಹೋಗುತ್ತೆ. ಬಿಡಿಸೋಕೆ ಕೂತಾಗ್ಲೇ ಗೊತ್ತಾಗೋದು. ಅದರ ಮೇಲೆ ಶ್ವಾಸಕೋಶಕ್ಕೆ ಹೋಗೋ ಪಲ್ಮನರಿ ಅಪಧಮನಿಯಲ್ಲಿ ಆಕ್ಸಿಜನ್ ಕಮ್ಮಿ ಇರೋ ರಕ್ತ, ಅಲ್ಲಿಂದ ಬರೋ ಪಲ್ಮನರಿ ಅಭಿಧಮನಿಯಲ್ಲಿ ಆಕ್ಸಿಜನ್ ತುಂಬಿರೋ ರಕ್ತ, ಮಿಕ್ಕ ಅಪಧಮನಿ ಅಭಿಧಮನಿಗಳಿಗೆ ಇದು ಉಲ್ಟಾ.

ಈ ಸಲ ಮಾಡಿದ್ದು ಇಷ್ಟೇ. ಪುಸ್ತಕ ಮುಚ್ಚು, ಹಾಳೆ ಮೇಲೆ ಚಾಪ್ಟರ್ ಹೆಸರು ಬರಿ, ತಲೇಲಿ ಇರೋದನ್ನೆಲ್ಲ ಪೆನ್ಸಿಲಲ್ಲಿ ಸುರಿ, ಚಿತ್ರ ಮೊದಲು, ಮಾತು ಆಮೇಲೆ. ಇನ್ನೇನೂ ಬರ್ತಿಲ್ಲ ಅನ್ನೋ ಮಟ್ಟಕ್ಕೆ ಬಂದ್ಮೇಲೂ ಒಂದೆರಡು ನಿಮಿಷ ಸುಮ್ನೆ ಕೂತಿರು, ಆ ಎರಡು ನಿಮಿಷ ಮೈ ಪರಚ್ಕೊಳ್ಳೋ ಹಾಗಾಗುತ್ತೆ, ಆದ್ರೂ ಪುಸ್ತಕ ಮುಟ್ಬೇಡ. ಆಮೇಲೆ ಪುಸ್ತಕ ತೆಗೆದು ಬಿಟ್ಟಿದ್ದನ್ನ, ತಪ್ಪಿದ್ದನ್ನ ಮಾತ್ರ ಕೆಂಪು ಪೆನ್ನಲ್ಲಿ ತುಂಬು. ಮುಂದಿನ ರೌಂಡಲ್ಲಿ ಕೆಂಪು ಇದ್ದದ್ದು ಮಾತ್ರ ಓದು, ಮತ್ತೆ ಖಾಲಿ ಹಾಳೆ.

ನೆಫ್ರಾನ್‌ದು (ಮೂತ್ರಪಿಂಡದಲ್ಲಿ ರಕ್ತ ಸೋಸೋ ಪುಟ್ಟ ನಳಿಕೆ) ಹೇಳ್ತೀನಿ. ಮೊದಲ ಹಾಳೆಯಲ್ಲಿ ಬೌಮನ್ನನ ಕೋಶ, ಅದರೊಳಗೆ ಗ್ಲೋಮೆರುಲಸ್ ಅನ್ನೋ ರಕ್ತನಾಳಗಳ ಗಂಟು, ಕೆಳಗಿಳಿಯೋ ಹೆನ್ಲೆ ಕುಣಿಕೆ, ಅಷ್ಟೇ ಬಂತು. ಕುಣಿಕೆ ಮೇಲೆ ಬಂದ್ಮೇಲೆ ಗೆರೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗ್ದೆ ಗಾಳೀಲಿ ನಿಂತಿತ್ತು. ಸಂಗ್ರಾಹಕ ನಾಳ ಪೂರ್ತಿ ಕೆಂಪು. ಎರಡನೇ ಸಲ ನಾಳ ಬಂತು, ಗ್ಲೋಮೆರುಲಸ್‌ಗೆ ಒಳಗೆ ಬರೋ ರಕ್ತನಾಳ ಹೊರಗೆ ಹೋಗೋದಕ್ಕಿಂತ ಅಗಲ ಅನ್ನೋದು ಬಿಟ್ಟೋಯ್ತು. ಆಮೇಲೆ ಒಂದೆರಡು ಸಲಕ್ಕೆ ನಾಲ್ಕೈದು ನಿಮಿಷದಲ್ಲಿ ಲೇಬಲ್ ಸಮೇತ ಮುಗೀತಿತ್ತು. ಅದರ ಪಕ್ಕದಲ್ಲಿ ಒಂದು ಲೆಕ್ಕ ಬರ್ದಿಟ್ಟಿದ್ದೆ, ದಿನಕ್ಕೆ ಸೋಸೋದು ಹತ್ರ ಹತ್ರ 180 ಲೀಟರ್, ಹೊರಗೆ ಹೋಗೋದು ಒಂದೂವರೆ ಎರಡು ಲೀಟರ್, ಹಾಗಾದ್ರೆ ಉಳಿದಿದ್ದು ಎಲ್ಲಿಗೆ ಹೋಯ್ತು? ಈ ಒಂದು ಪ್ರಶ್ನೆ ಸಾಕು, ಮರುಹೀರಿಕೆ (ಸೋಸಿದ್ದನ್ನ ಮತ್ತೆ ರಕ್ತಕ್ಕೆ ಹೀರ್ಕೊಳ್ಳೋದು) ಬಗ್ಗೆ ಇಡೀ ಉತ್ತರ ತಾನಾಗೇ ಬರುತ್ತೆ, ಬಾಯಿಪಾಠ ಬೇಡ. ಭಾಗಗಳ ಕ್ರಮ ನೆನಪಿಟ್ಕೊಳ್ಳೋಕೆ ನಂದೊಂದು ಸಾಲಿದೆ, ಅದರಲ್ಲಿ ನಮ್ ನೆಂಟರ ಹೆಸರುಗಳಿವೆ, ಹಾಗಾಗಿ ಹೇಳಲ್ಲ.

ಈಗ ಗೊತ್ತಾಯ್ತಲ್ಲ, ಹಾಳೆ ಫೋಟೋ ಕಳ್ಸಿದ್ರೆ ಯಾಕೆ ಉಪಯೋಗ ಇಲ್ಲ ಅಂತ. ನನ್ನ ಕೆಂಪು ನನ್ನದು, ನಿಮ್ಮದು ಬೇರೆ ಕಡೆ ಇರುತ್ತೆ.

ಟಾಪರ್ ಜೊತೆ ವಾದ ಮಾಡೋಕೆ ಸ್ವಲ್ಪ ಹುಡುಕಿದ್ದೆ. ರೋಡಿಗರ್, ಕಾರ್ಪಿಕೆ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಮಾಡಿದ ಪ್ರಯೋಗ ಸಿಕ್ತು. ಮತ್ತೆ ಮತ್ತೆ ಓದಿದವ್ರು ಒಂದು ಕಡೆ, ಓದಿ ಆಮೇಲೆ ನೋಡದೆ ಬರೆದವ್ರು ಇನ್ನೊಂದು ಕಡೆ. ವಾರ ಬಿಟ್ಟು ಟೆಸ್ಟ್ ಕೊಟ್ಟಾಗ ನೋಡದೆ ಬರೆದವ್ರು ಮುಂದೆ. ಆದ್ರೆ ಐದೇ ನಿಮಿಷ ಬಿಟ್ಟು ಕೊಟ್ಟಾಗ ಓದಿದವ್ರೇ ಮುಂದೆ ಇದ್ರು! ಟಾಪರ್ ಇದನ್ನೇ ಹಿಡ್ಕೊಂಡು "ನೋಡು, ಕೊನೇ ಗಳಿಗೆಗೆ ಓದೋದೇ ಸರಿ" ಅಂದ್ಲು. ಅವಳ ಮಾತಲ್ಲೂ ಅರ್ಧ ನಿಜ ಇದೆ, ಅದಕ್ಕೇ ನಾನು ಖಾಲಿ ಹಾಳೆ ಕೆಲಸನ ಎರಡು ಮೂರು ದಿನ ಮುಂಚೆನೇ ಶುರು ಮಾಡಿ, ಹಿಂದಿನ ಸಂಜೆಗೆ ಕೆಂಪು ಮಾತ್ರ ಉಳಿಸ್ಕೊಂಡಿದ್ದು. ಮಾರನೇ ದಿನ ಬೆಳಗ್ಗೆ ಹಾಲ್ ಹೊರಗೆ ನಿಂತು ಪುಟ ತಿರುವಿದ್ರೆ ಆ ಐದು ನಿಮಿಷದ ಲಾಭ ಸಿಗಬಹುದು, ಮೂರು ಗಂಟೆ ಪೇಪರ್‌ಗೆ ಅದು ಎಲ್ಲಿ ಸಾಲುತ್ತೆ.

ಜೋಡಿಗಳನ್ನ ಮಾತ್ರ ಬೇರೆ ಥರ ಮಾಡಿದೆ. ಮೈಟಾಸಿಸ್ ಮಿಯಾಸಿಸ್, ಕ್ಸೈಲಂ ಫ್ಲೋಯಂ, ಇನ್ಸುಲಿನ್ ಗ್ಲುಕಗಾನ್, ಇವನ್ನ ಒಂದೊಂದಾಗಿ ಓದಿದ್ರೆ ಹಾಲಲ್ಲಿ ಅದಲು ಬದಲಾಗೋದು ಗ್ಯಾರಂಟಿ. ಒಂದೇ ಹಾಳೆ, ಮಧ್ಯ ಒಂದು ಗೆರೆ, ಎರಡನ್ನೂ ಒಟ್ಟಿಗೆ ಬಿಡಿಸೋದು. ಕೋಶ ವಿಭಜನೆಯ ಜೋಡೀಲಿ, ಮನುಷ್ಯನ ಲೆಕ್ಕಕ್ಕೆ, ಮಿಯಾಸಿಸ್ ಕಡೆ ಕೊನೇಲಿ ನಾಲ್ಕು ಕೋಶ, ಒಂದೊಂದರಲ್ಲೂ 23 ವರ್ಣತಂತು, ಮೈಟಾಸಿಸ್ ಕಡೆ ಎರಡು ಕೋಶ, ಒಂದೊಂದರಲ್ಲೂ 46. ಮೆಂಡಲ್‌ನ ಎರಡು ಗುಣಗಳ ಅನುವಂಶೀಯತೆ ಲೆಕ್ಕ ಅಂತೂ ಬಾಯಿಪಾಠ ಮಾಡ್ಲೇ ಇಲ್ಲ, ಹದಿನಾರು ಮನೆ ಚೌಕ ಹಾಕಿ ತುಂಬಿಸಿ ಎಣಿಸಿದ್ರೆ 9:3:3:1 ಕೈಗೆ ಬಂದು ಬೀಳುತ್ತೆ.

ಇನ್ನು ಭಯದ ವಿಷಯ. ನನಗೆ ಎಕ್ಸಾಮ್ ಅಂದ್ರೆ ಬರೀ ಮನಸ್ಸಿಗೆ ಟೆನ್ಷನ್ ಅಲ್ಲ, ಅಂಗೈ ಬೆವೆತು ಪೆನ್ಸಿಲ್ ಗೆರೆ ಒರೆಸಿ ಹೋಗೋಷ್ಟು. ಬೇರೆ ಸಬ್ಜೆಕ್ಟಲ್ಲಿ ಇದು ಬರೀ ಕಾಟ, ಬಯಾಲಜಿಯಲ್ಲಿ ಮಾತ್ರ ಇದೇ ಸಿಲಬಸ್ಸು! ಹಾಗಾಗಿ ಒಂದು ಹಾಳೆ ಮೇಲೆ ನನ್ನ ಭಯಾನೇ ಬಿಡಿಸಿದೆ. ಒಂದು ಗೊಂಬೆ, ಮೂತ್ರಪಿಂಡದ ಮೇಲೆ ಟೋಪಿ ಥರ ಅಡ್ರಿನಲ್ ಗ್ರಂಥಿ, ಅಲ್ಲಿಂದ ಬಾಣಗಳು. ಹೃದಯ ಜೋರು, ಕಣ್ಣಿನ ಪಾಪೆ ಅಗಲ, ಬಾಯಿ ಒಣಗೋದು, ಹೊಟ್ಟೆಯಲ್ಲಿ ಜೀರ್ಣಕ್ರಿಯೆ ನಿಧಾನ, ಯಕೃತ್ತಲ್ಲಿ ಗ್ಲೈಕೋಜನ್ ಒಡೆದು ಗ್ಲೂಕೋಸ್. ಅಲ್ಲಿಂದ ಮುಂದೆ ಎದೆ ಹೊಡ್ಕೊಂಡಾಗೆಲ್ಲ ಆ ಗೊಂಬೆ ಮೇಲಿಂದ ಕೆಳಗೆ ಒಂದು ರೌಂಡ್ ಹೇಳ್ಕೊಳ್ತಿದ್ದೆ. ಭಯ ಹೋಯ್ತು ಅಂತ ಸುಳ್ಳು ಹೇಳಲ್ಲ, ಆದ್ರೆ ಹಾರ್ಮೋನ್ ಚಾಪ್ಟರ್ ಪೂರ್ತಿ ಗಟ್ಟಿ ಆಯ್ತು.

ಅಲ್ಲಿಂದ ಪಲ್ಸ್ ಹುಚ್ಚು ಹಿಡೀತು. ಮಣಿಕಟ್ಟಿನ ಮೇಲೆ ಎರಡು ಬೆರಳು (ಹೆಬ್ಬೆರಳು ಬೇಡ, ಅದಕ್ಕೇ ಸ್ವಂತ ಬಡಿತ ಇರುತ್ತೆ), ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸೋದು. ಮನೇಲಿ ಸುಮ್ನೆ ಕೂತಾಗ ಎಪ್ಪತ್ತೈದರ ಆಸುಪಾಸು, ಹಾಲ್ ಹೊರಗೆ ನೂರಾ ಹತ್ತು ದಾಟಿತ್ತು. ಉಸಿರು ನಾಲ್ಕು ಎಣಿಸೋವರೆಗೂ ಒಳಗೆ, ಏಳೆಂಟು ಎಣಿಸೋವರೆಗೂ ಹೊರಗೆ, ಹೀಗೆ ನಾಲ್ಕೈದು ನಿಮಿಷ ಮಾಡಿದ್ಮೇಲೆ ತೊಂಬತ್ತಕ್ಕಿಂತ ಕೆಳಗೆ ಬಂತು. ಬೆರಳು ತೆಗೀದೇ ಉಸಿರಾಡಿ ನೋಡಿ, ಒಳಗೆ ಎಳ್ಕೊಂಡಾಗ ಬಡಿತ ಸ್ವಲ್ಪ ಬೇಗ ಬೇಗ, ಹೊರಗೆ ಬಿಟ್ಟಾಗ ನಿಧಾನ, ಬೆರಳಿಗೇ ಗೊತ್ತಾಗುತ್ತೆ. ಹೊರಗೆ ಬಿಡೋವಾಗ ಮಿದುಳಿಂದ ಹೃದಯಕ್ಕೆ ಬರೋ ವೇಗಸ್ ನರದ ಬ್ರೇಕು ಜಾಸ್ತಿ ಬೀಳೋದಕ್ಕೆ ಹಾಗೆ, ಅದಕ್ಕೇ ಹೊರಗೆ ಬಿಡೋದನ್ನ ಉದ್ದ ಮಾಡೋದು. ತಣ್ಣೀರಲ್ಲಿ ಮುಖ ಮುಳುಗ್ಸಿದ್ರೂ ಬಡಿತ ಇಳಿಯುತ್ತೆ ಅಂತ ಅದನ್ನೂ ಟ್ರೈ ಮಾಡ್ದೆ, ಇಳೀತು ನಿಜ, ಆದ್ರೆ ಕೂದಲಿಂದ ನೀರು ಸೋರಿ ನೆಫ್ರಾನ್ ಹಾಳೆ ಒದ್ದೆ ಆಯ್ತು, ಎಕ್ಸಾಮ್ ಹಾಲಿಗೆ ಬಕೆಟ್ ತಗೊಂಡು ಹೋಗೋಕೂ ಆಗಲ್ಲ. ಕಾಫಿದೂ ಒಂದು ಪ್ರಯೋಗ ನಡೀತು. ಒಂದು ಯೂನಿಟ್ ಟೆಸ್ಟ್ ಹಿಂದಿನ ರಾತ್ರಿ ಕುಡ್ದೆ, ನಿದ್ದೆ ಮುಂದಕ್ಕೆ ಹೋಯ್ತು, ಬೆಳಗ್ಗೆ ಇನ್ನೊಂದು ಕುಡ್ದೆ, ಲೇಬಲ್ ಗೆರೆಗಳು ಇಸಿಜಿ ಥರ ಬಂದ್ವು. ಕೆಫೀನ್ ಮಿದುಳಲ್ಲಿ ಸುಸ್ತು ತಿಳಿಸೋ ಅಡೆನೊಸಿನ್ ಅನ್ನೋ ರಾಸಾಯನಿಕ ಕೂರೋ ಜಾಗ ಹಿಡ್ಕೊಂಡು ಸುಸ್ತು ಗೊತ್ತಾಗದ ಹಾಗೆ ಮಾಡುತ್ತೆ ಅಷ್ಟೇ, ಸುಸ್ತು ಅಲ್ಲೇ ಇರುತ್ತೆ. ಈ ಸಲ ಮುಟ್ಲಿಲ್ಲ.

ಎಲ್ಲಕ್ಕಿಂತ ಕೆಲಸ ಮಾಡಿದ್ದು ಒಂದಿದೆ, ಅದನ್ನೇ ಎಲ್ರೂ ಜಾಸ್ತಿ ಆಡ್ಕೊಂಡಿದ್ದು. ಹಿಂದಿನ ಸಂಜೆ ಹತ್ತು ನಿಮಿಷ ಕೂತು, ಏನೇನು ಭಯ ಅಂತ ನಿಲ್ಲಿಸ್ದೆ ಬರೆಯೋದು, ಕಾಗುಣಿತ ಗೀಗುಣಿತ ನೋಡದೆ. ಇದು ನನ್ನ ತಲೆಯಿಂದ ಬಂದಿದ್ದಲ್ಲ, ರಮಿರೆಜ್ ಮತ್ತು ಬೈಲಾಕ್ ಅನ್ನೋರು 2011ರಲ್ಲಿ ಒಂಬತ್ತನೇ ಕ್ಲಾಸ್ ಮಕ್ಕಳ ಬಯಾಲಜಿ ಫೈನಲ್ ಎಕ್ಸಾಮ್‌ಗೆ ಮುಂಚೆ ಇದನ್ನ ಮಾಡ್ಸಿ ನೋಡಿದ್ರು, ಜಾಸ್ತಿ ಹೆದರೋ ಮಕ್ಕಳಿಗೆ ಮಾರ್ಕ್ಸ್ ಏರಿತ್ತು. ಬಯಾಲಜಿನೇ ಅಂತ ನೋಡಿ ನನಗೆ ಫುಲ್ ಖುಷಿ. ಅವ್ರು ಎಕ್ಸಾಮ್‌ಗೆ ಸ್ವಲ್ಪ ಮುಂಚೆ ಬರೆಸಿದ್ರು, ನನಗೆ ಬೆಳಗ್ಗೆ ಆಗಲ್ಲ ಅಂತ ಸಂಜೆನೇ ಮಾಡ್ದೆ. ಅಮ್ಮ ಇಣುಕಿ ನೋಡಿ "ಏನೇ ಇದು, ಓದೋದು ಬಿಟ್ಟು ಡೈರಿ ಬರೀತಿದೀಯ?" ಅಂದ್ರು. ಬರ್ದಿದ್ದನ್ನ ಓದಿದ್ರೆ ತಮಾಷೆ ಗೊತ್ತಾಯ್ತು, ಎಲ್ಲಾ ಹೋಗುತ್ತೆ ಎಲ್ಲಾ ಮರೆತೋಗುತ್ತೆ ಅಂತ ಒಂದು ಪುಟ ಗೋಳಾಡಿದ್ದೆ, ಆದ್ರೆ ಹೆಸರು ಹಿಡಿದು ಬರ್ದಿದ್ದು ಎರಡೇ, ಹೃದಯದ ಎಡಬಲ, ಪರಾವರ್ತಿತ ಪ್ರತಿಕ್ರಿಯೆಯ (ಬಿಸಿ ತಾಗಿದ್ರೆ ಕೈ ತಾನಾಗೇ ಹಿಂದೆ ಬರೋ ಥರದ್ದು) ದಾರಿ. ಇಡೀ ಸಿಲಬಸ್ ಭಯ ಅಂತ ತಿಳ್ಕೊಂಡಿದ್ದು ಬರೀ ಎರಡು ಚಿತ್ರದ ಭಯ! ಅವೆರಡನ್ನೂ ಮಲಗೋಕೆ ಮುಂಚೆ ಒಂದು ಸಲ, ಬೆಳಗ್ಗೆ ಎದ್ದು ಒಂದು ಸಲ ಬಿಡಿಸ್ದೆ. ಬೆಳಗ್ಗೆ ಬೇರೇನೂ ಮುಟ್ಲಿಲ್ಲ. ರಾತ್ರಿ ಹತ್ತು ಹತ್ತೂವರೆಗೆಲ್ಲ ಲೈಟ್ ಆಫ್.

ಸ್ಕೂಲ್ ಗೇಟ್ ಹತ್ರ ಒಂದು ಜಾತಿ ಜನ ಇರ್ತಾರೆ, "ಅದು ಓದಿದ್ಯಾ, ಅದು ಪಕ್ಕಾ ಬರುತ್ತಂತೆ" ಅಂತ. ಅವ್ರಿಂದ ದೂರ ಹೋಗಿ ಗೋಡೆ ಕಡೆ ಮುಖ ಮಾಡಿ ಪಲ್ಸ್ ಎಣಿಸ್ತಾ ನಿಂತಿದ್ದೆ. ನೋಡಿದವ್ರು ಏನಂದ್ಕೊಂಡ್ರೋ.

ಒಳಗೆ ಪೇಪರ್ ಕೊಟ್ರು, ಪರಾವರ್ತಿತ ಪ್ರತಿಕ್ರಿಯೆ ಬಂದಿತ್ತು. ಗ್ರಾಹಕ, ಜ್ಞಾನವಾಹಿ ನರಕೋಶ, ಮಿದುಳುಬಳ್ಳಿವರೆಗೂ ಕೈ ತಾನಾಗೇ ಹೋಯ್ತು, ಅಲ್ಲಿ ಮಧ್ಯ ಇರೋ ಪುಟ್ಟ ನರಕೋಶದ ಹೆಸರು ಮಾತ್ರ ಮಾಯ. ಬಿಡಿಸಿ, ಗೆರೆ ಎಳೆದು, ಹೆಸರಿನ ಜಾಗದಲ್ಲಿ ಪೆನ್ಸಿಲ್ ಚುಕ್ಕಿ ಇಟ್ಟು ಮುಂದಕ್ಕೆ ಹೋದೆ. ಮೊದ್ಲಾಗಿದ್ರೆ ಅಲ್ಲೇ ಕೂತು ಹತ್ತು ನಿಮಿಷ ತಲೆ ಕೆರ್ಕೊಂಡು ಮುಂದಿನದನ್ನೂ ಹಾಳು ಮಾಡ್ಕೊಳ್ತಿದ್ದೆ. ಪತ್ರರಂಧ್ರದ ಉತ್ತರ ಬರೀತಿರೋವಾಗ, ಸಂಬಂಧನೇ ಇಲ್ಲದ ಕಡೆ, ಸಂಬಂಧಕಲ್ಪಕ ನರಕೋಶ ಅಂತ ದಡಕ್ಕನೆ ಬಂತು. ಇನ್ನೊಂದು, ಲೇಬಲ್ ಗೆರೆಗೆ ಸ್ಕೇಲ್ ಇಡಿ, ಗೆರೆ ಮೇಲೆ ಗೆರೆ ಹಾಯಿಸ್ಬೇಡಿ, ಎಲ್ಲಾ ಹೆಸರೂ ಒಂದೇ ಪಕ್ಕ ಬರೀರಿ, ಎರಡು ನಿಮಿಷದ ಕೆಲಸ. ಟೈಮ್ ಸಾಲದೆ ಬಂದ್ರೆ ಯಾವ ಚಿತ್ರ ಬಿಡ್ಬೇಕು ಅನ್ನೋದಕ್ಕೆ ನನ್ನ ಹತ್ರ ಒಂದು ಲೆಕ್ಕಾಚಾರ ಇದೆ, ಮುಂದಿನ ಎಕ್ಸಾಮ್ ಮುಗಿಯೋವರೆಗೂ ಅದು ನನ್ನ ಹತ್ರಾನೇ ಇರ್ಲಿ.

ಟಾಪರ್‌ಗೆ ಈಗ ಹೇಳಿಕೊಟ್ಟಿದೀನಿ. ಪಲ್ಸ್ ಎಣಿಸೋದು ಅವಳಿಗೆ ಆಗಿ ಬರಲ್ಲ, ಎಣಿಸಿದಷ್ಟೂ ಏರುತ್ತಂತೆ, ಅದಕ್ಕೇ ಬೆರಳು ಇಡೋದು ಬಿಟ್ಟು ಬರೀ ಉಸಿರು ಮಾತ್ರ ಮಾಡ್ತಾಳೆ. ಖಾಲಿ ಹಾಳೆ ಬದಲು ಗೋಡೆ ಮೇಲಿನ ಬೋರ್ಡಲ್ಲಿ ಬಿಡಿಸಿ ತಂಗಿಗೆ ಪಾಠ ಮಾಡೋ ಥರ ಜೋರಾಗಿ ಹೇಳ್ತಾಳೆ, ತಂಗಿಗೆ ಅರ್ಥ ಆಗ್ದಿದ್ದ ಜಾಗಾನೇ ಅವಳಿಗೆ ಕೆಂಪು. ನಾನೂ ಒಂದ್ಸಲ ಅದನ್ನ ಟ್ರೈ ಮಾಡೋಣ ಅಂದ್ಕೊಂಡೆ, ಆದ್ರೆ ಅಕ್ಕ ಪಾಠ ಕೇಳೋಕೆ ಗಂಟೆಗಿಷ್ಟು ಅಂತ ದುಡ್ಡು ಕೇಳ್ತಿದಾಳೆ.